ಅಪ್‌ಡೇಟ್ ಆದ ಮರುದಿನ ಕಾಟಾ ಕಂಪ್ಯೂಟರಿಗೆ ತೂಕ ಬರಲಿಲ್ಲ: ಮುಧೋಳ ಕಡೆಯ ಒಂದು ಪ್ರಕರಣ

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿ, ರಸ್ತೆ ಪಕ್ಕದ ಒಂದು ಖಾಸಗಿ ಕಾಟಾದಲ್ಲಿ, ಅಂದರೆ ಗಾಡಿ ಸಮೇತ ತೂಗುವ ವೇಬ್ರಿಡ್ಜ್‌ನಲ್ಲಿ, ನಡೆದದ್ದು ಇದು. ಕಬ್ಬಿನ ಸೀಸನ್ ಜೋರಾಗಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿತ್ತು. ಪರದೆ ಮೇಲೆ ಅದರ ಸೂಚನೆ ಪದೇ ಪದೇ ಬರುತ್ತಿತ್ತು. ಒಂದು ರಾತ್ರಿ ಗಾಡಿ ಕಡಿಮೆ ಇದ್ದಾಗ ಮಾಲೀಕರು ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಆಗಲು ಬಿಟ್ಟು ಮಲಗಿದರು. ಬೆಳಗ್ಗೆ ಕಂಪ್ಯೂಟರ್ ಸರಿಯಾಗಿಯೇ ಆನ್ ಆಯಿತು. ಫೈಲು, ಹಳೆಯ ಲೆಕ್ಕ, ಪ್ರಿಂಟರ್ ಎಲ್ಲ ಇದ್ದವು. ಆದರೆ ತೂಕದ ಸಾಫ್ಟ್‌ವೇರ್ ತೆರೆದರೆ ತೂಕದ ಜಾಗದಲ್ಲಿ ಸೊನ್ನೆ. ಕೆಳಗೆ ಒಂದು ಸಾಲು: ಕಾಮ್ 3 ಪೋರ್ಟ್ ತೆರೆಯಲು ಆಗುತ್ತಿಲ್ಲ.

ಪಕ್ಕದಲ್ಲೇ ಇದ್ದ ಇಂಡಿಕೇಟರ್ ಪೆಟ್ಟಿಗೆಯಲ್ಲಿ ಮಾತ್ರ ಕೆಂಪು ಅಂಕಿಗಳು ಸರಿಯಾಗಿ ಕಾಣುತ್ತಿದ್ದವು. ಗಾಡಿ ಹತ್ತಿದರೆ ತೂಕ ಏರುತ್ತಿತ್ತು, ಇಳಿದರೆ ಸೊನ್ನೆಗೆ ಬರುತ್ತಿತ್ತು. ಅಲ್ಲಿನ ಗುಮಾಸ್ತ ಆ ಅಂಕಿ ನೋಡಿ ಕೈಯಲ್ಲಿ ಚೀಟಿ ಬರೆಯತೊಡಗಿದ. ಹಿರಿಯ ರೈತರೊಬ್ಬರು ಆ ಚೀಟಿ ತಗೊಳ್ಳಲಿಲ್ಲ. "ಕೈಲೆ ಬರದ ಚೀಟಿ ಫ್ಯಾಕ್ಟರ್‍ಯಾಗ ಯಾರ ನಂಬ್ತಾರ್‍ಪಾ? ಮಷಿನ್ ಚೀಟಿ ಕೊಡು" ಅಂದರು.

ಅವರ ಮಾತು ಸರಿ. ಈ ಭಾಗದ ರೈತ ಕಾರ್ಖಾನೆಗೆ ಹೋಗುವ ಮುಂಚೆ ಹೊರಗಿನ ಕಾಟಾದಲ್ಲಿ ತೂಗಿಸುವುದು ಸುಮ್ನೆ ಅಲ್ಲ. ಕಾರ್ಖಾನೆಯ ತೂಕದ ಜೊತೆ ಹೋಲಿಸಿ ನೋಡಲು ಅವನ ಕೈಯಲ್ಲಿ ಇರುವುದು ಆ ಚೀಟಿ ಒಂದೇ. 2025-26ರ ಸೀಸನ್ನಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ (ಕಾರ್ಖಾನೆ ಕಬ್ಬಿಗೆ ಕೊಡಬೇಕಾದ ಕನಿಷ್ಠ ಬೆಲೆ), ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅಂದರೆ ಒಂದು ಕ್ವಿಂಟಲ್ ಬರೆಯುವುದರಲ್ಲಿ ಹೆಚ್ಚುಕಡಿಮೆ ಆದರೆ ಅಷ್ಟು ದುಡ್ಡು ಹೋಯಿತು. 21,450 ಕಿಲೋ ಎಂದು ಬರೆಯುವ ಕಡೆ 21,540 ಎಂದು ಬರೆದರೆ ಮುಗಿಯಿತು, ಸಂಜೆ ತನಕ ಜಗಳ. ಸಾಫ್ಟ್‌ವೇರ್ ತಾನೇ ತೂಕ ಓದಿ, ವೇಳೆ ಮತ್ತು ಗಾಡಿ ನಂಬರ್ ಸಮೇತ ಮುದ್ರಿಸಿದ ಚೀಟಿಗೆ ಇರುವ ಬೆಲೆ ಕೈಬರಹಕ್ಕೆ ಬರುವುದಿಲ್ಲ.

ಕಂಪ್ಯೂಟರ್ ಸರಿಮಾಡಲು ನನ್ನನ್ನು ಕರೆಯುವ ಹೊತ್ತಿಗೆ ಬೇರೊಬ್ಬ ಹುಡುಗ ಬಂದು ಹೋಗಿದ್ದ. ಕೆಲಸ ಬಲ್ಲ ಹುಡುಗನೇ. ಆದರೆ ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಾಗ, ಮಾಲೀಕರು ಬೆನ್ನ ಹಿಂದೆ ನಿಂತಾಗ, ಯಾರಿಗಾದರೂ ಮೊದಲು ಏನಾದರೂ ಮಾಡಬೇಕು ಅನ್ನಿಸುತ್ತದೆ. ಅವನು ಏನೇನು ಮಾಡಿದ್ದ ಎಂಬುದನ್ನು ಮುಂದೆ ಹೇಳುತ್ತೇನೆ. ಮೂಲ ತೊಂದರೆ ಒಂದೇ ಇತ್ತು. ನಾನು ನೋಡುವಾಗ ಅದರ ಮೇಲೆ ಇನ್ನೆರಡು ಸೇರಿಕೊಂಡಿದ್ದವು.

ತೂಕ ಎಲ್ಲಿಂದ ಎಲ್ಲಿಗೆ ಹೋಗುತ್ತದೆ

ಕಾಟಾದ ಕಬ್ಬಿಣದ ಹಾಸಿನ ಕೆಳಗೆ ಲೋಡ್ ಸೆಲ್‌ಗಳು ಇರುತ್ತವೆ. ಭಾರ ಬಿದ್ದಾಗ ಅವು ಕೊಡುವ ಸಣ್ಣ ವಿದ್ಯುತ್ ಸಂಕೇತ ಜಂಕ್ಷನ್ ಬಾಕ್ಸ್ ದಾಟಿ ಇಂಡಿಕೇಟರ್‌ಗೆ ಬರುತ್ತದೆ. ಇಂಡಿಕೇಟರ್ ಅದನ್ನು ಕಿಲೋಗೆ ಬದಲಿಸಿ ತೋರಿಸುತ್ತದೆ. ಕಾನೂನು ಪ್ರಕಾರ ಪರಿಶೀಲನೆಯಾಗಿ ಮುದ್ರೆ ಬೀಳುವುದು ಈ ತೂಕದ ಯಂತ್ರಕ್ಕೆ. ವೇಬ್ರಿಡ್ಜ್‌ಗೆ ಇದು ವರ್ಷಕ್ಕೊಮ್ಮೆ ಆಗಬೇಕು. ಇಲ್ಲಿಯ ತನಕ ಕಂಪ್ಯೂಟರಿನ ಪಾತ್ರವೇ ಇಲ್ಲ.

ಇಂಡಿಕೇಟರ್‌ನ ಹಿಂದೆ ಒಂಬತ್ತು ಪಿನ್ನಿನ ಒಂದು ಸೀರಿಯಲ್ ಪೋರ್ಟ್ ಇದೆ. ಆರ್‌ಎಸ್-232 ಅನ್ನುವ ಹಳೆಯ ಪದ್ಧತಿ. ಅಲ್ಲಿಂದ ತೂಕದ ಅಂಕಿ ಅಕ್ಷರಗಳ ರೂಪದಲ್ಲಿ ಒಂದೇ ಸಮನೆ ಹೊರಗೆ ಹರಿಯುತ್ತಿರುತ್ತದೆ. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟ್ ಇರುವುದು ಅಪರೂಪ. ಅದಕ್ಕೇ ನಡುವೆ ಸೀರಿಯಲ್‌ನಿಂದ ಯುಎಸ್‌ಬಿಗೆ ಬದಲಿಸುವ ಒಂದು ಕೇಬಲ್ ಹಾಕುತ್ತಾರೆ. ಕೇಬಲ್ಲಿನ ತುದಿಯ ದಪ್ಪ ಭಾಗದೊಳಗೆ ಒಂದು ಚಿಪ್ ಇರುತ್ತದೆ. ಆ ಚಿಪ್‌ಗೆ ವಿಂಡೋಸ್‌ನಲ್ಲಿ ಒಂದು ಡ್ರೈವರ್, ಅಂದರೆ ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್, ಬೇಕು. ಡ್ರೈವರ್ ಲೋಡ್ ಆದರೆ ಕಾಮ್ 3 ಎಂಬ ಪೋರ್ಟ್ ಹುಟ್ಟುತ್ತದೆ. ಆಗದಿದ್ದರೆ ಸಾಫ್ಟ್‌ವೇರ್‌ಗೆ ಓದಲು ಜಾಗವೇ ಇರುವುದಿಲ್ಲ.

ಹಾಗಾಗಿ ಇಂಡಿಕೇಟರ್ ಸರಿ ತೋರಿಸುತ್ತಿದೆ ಎಂದ ಕೂಡಲೇ ಅರ್ಧ ಸಂಶಯ ಕಳೆಯಿತು. ಹಾಸು, ಸೆಲ್, ಮುದ್ರೆ ಇದ್ದ ಪೆಟ್ಟಿಗೆ ಯಾವುದನ್ನೂ ಮುಟ್ಟುವ ಕೆಲಸ ಇರಲಿಲ್ಲ. "ಇಂಡಿಕೇಟರ್ ಬಿಚ್ಚಿ ನೋಡ್ರಿ" ಅಂತ ಒಬ್ಬರು ಹೇಳಿದರು. ಸೀಲ್ ಒಡೆದರೆ ಮತ್ತೆ ಪರಿಶೀಲನೆ ಆಗುವ ತನಕ ಕಾಟಾ ನಡೆಸುವಂತಿಲ್ಲ. ಸೀಸನ್ ನಡುವೆ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಬೇಡ ಅಂದೆ.

ಹುಡುಗ ಮಾಡಿದ್ದು

ಅವನು ಮೊದಲು ಕೇಬಲ್ ಜೊತೆ ಬಂದಿದ್ದ ಹಳೆಯ ಸಿಡಿಯಿಂದ ಡ್ರೈವರ್ ಹಾಕಿದ್ದ. ಆಗಲಿಲ್ಲ. ಆಮೇಲೆ ಡ್ರೈವರ್‌ಗಳನ್ನು ತಾನೇ ಹುಡುಕಿ ಹಾಕುತ್ತೇನೆ ಅನ್ನುವ ಒಂದು ಬಿಟ್ಟಿ ಸಾಫ್ಟ್‌ವೇರ್ ಇಳಿಸಿದ್ದ. ಅದು ಇನ್ನೊಂದು ಡ್ರೈವರ್ ತುರುಕಿತು, ಜೊತೆಗೆ ಬ್ರೌಸರ್‌ಗೆ ಬೇಡದ ಜಾಹೀರಾತು ತಂದಿತು. ಕೊನೆಗೆ ಒಂದು ವಿಡಿಯೋ ನೋಡಿ, ಡ್ರೈವರ್‌ನ ಐಎನ್‌ಎಫ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಒಂದೆರಡು ಸಾಲು ತಿದ್ದಿದ್ದ. ತಿದ್ದಿದ ಡ್ರೈವರನ್ನು ವಿಂಡೋಸ್ ಒಪ್ಪಲಿಲ್ಲ. ಆಗ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ 7ನೇ ಆಯ್ಕೆ ಒತ್ತಿದ. ಡ್ರೈವರ್ ಅಸಲಿ ಎಂದು ತೋರಿಸುವ ಡಿಜಿಟಲ್ ಸಹಿಯನ್ನು ಪರೀಕ್ಷಿಸಬೇಡ ಅನ್ನುವ ಆಯ್ಕೆ ಅದು. ಈಗ ಡ್ರೈವರ್ ಲೋಡ್ ಆಯಿತು, ತೂಕ ಬಂತು, ಎಲ್ಲರಿಗೂ ಖುಷಿ. ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಕಂಪ್ಯೂಟರ್ ಆನ್ ಮಾಡಿದರೆ ಮತ್ತೆ ಸೊನ್ನೆ.

ಇದು ಆಗಲೇಬೇಕಾದದ್ದು. ಆ 7ನೇ ಆಯ್ಕೆ ಆ ಒಂದು ಬೂಟ್‌ಗೆ ಮಾತ್ರ. ರೀಸ್ಟಾರ್ಟ್ ಆದ ಕೂಡಲೇ ಕಾವಲು ಮತ್ತೆ ಬರುತ್ತದೆ. ನನಗೆ ಸಿಕ್ಕ ಒಳ್ಳೆಯ ಸುಳಿವುಗಳಲ್ಲಿ ಇದೂ ಒಂದು. "ರೀಸ್ಟಾರ್ಟ್ ಮಾಡೂ ತನ್ಕಾ ಚಲೋ ಇತ್ರೀ" ಅಂತ ಗುಮಾಸ್ತ ಹೇಳಿದಾಗಲೇ, ಯಾರೋ ಸಹಿ ಪರೀಕ್ಷೆ ನಿಲ್ಲಿಸಿ ಡ್ರೈವರ್ ಹಾಕಿದ್ದಾರೆ ಅಂತ ಗೊತ್ತಾಯಿತು. ನೀವೂ ಇಂಥ ಕಡೆ ಹೋದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಒಮ್ಮೆಯಾದರೂ ಕೆಲಸ ಮಾಡಿತ್ತಾ? ಮಾಡಿದ್ದರೆ ಯಾವಾಗ ನಿಂತಿತು? ಅಪ್‌ಡೇಟ್ ಆದ ತಕ್ಷಣವಾ, ರೀಸ್ಟಾರ್ಟ್ ಆದ ಮೇಲೆಯಾ, ಕೇಬಲ್ ಬೇರೆ ಪೋರ್ಟಿಗೆ ಹಾಕಿದಾಗಲಾ? ಉತ್ತರ ಬೇರೆಯಾದರೆ ಕಾರಣವೂ ಬೇರೆ.

ಮುಂದಿನ ಹೆಜ್ಜೆಯಾಗಿ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗಲೇ ಸಹಿ ನೋಡುವ ಕಾವಲು) ಆಫ್ ಮಾಡಿ, ಟೆಸ್ಟ್ ಮೋಡ್ ಆನ್ ಮಾಡಿ ಕಾಯಂ ಪರಿಹಾರ ಕೊಡುತ್ತೇನೆ ಎಂದು ಹೇಳಿ ಹೋಗಿದ್ದನಂತೆ. ಅಷ್ಟರಲ್ಲಿ ಮಾಲೀಕರು ಅವನನ್ನು ತಡೆದದ್ದು ಒಳ್ಳೆಯದಾಯಿತು. ಟೆಸ್ಟ್ ಮೋಡ್‌ನಲ್ಲಿ ಬಿಟ್ಟ ಕಂಪ್ಯೂಟರ್ ಯಾರೋ ಮನೆಯಲ್ಲಿ ಮಾಡಿಕೊಂಡ ಸಹಿ ಇದ್ದರೂ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಡ್ರೈವರ್ ಅಂದರೆ ಸಾಮಾನ್ಯ ಪ್ರೋಗ್ರಾಂ ಅಲ್ಲ, ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೆ ಕುಳಿತು ಏನು ಬೇಕಾದರೂ ಮಾಡಬಲ್ಲದು. ತೂಕದ ಲೆಕ್ಕ, ರೈತರ ಹೆಸರು, ದುಡ್ಡಿನ ವಿವರ ಇರುವ ಯಂತ್ರಕ್ಕೆ ಇದು ಬೇಡವೇ ಬೇಡ. ಇನ್ನೊಂದು ಅಪಾಯವೂ ಇದೆ. ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಇದ್ದ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಬದಲಿಸಿದರೆ, ಮುಂದಿನ ಸಲ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. 48 ಅಂಕಿಯ ಆ ಕೀ ಎಲ್ಲಿದೆ ಅಂತ ಕಾಟಾದಲ್ಲಿ ಯಾರಿಗೆ ಗೊತ್ತಿರುತ್ತದೆ?

ಯಂತ್ರ ಏನು ಹೇಳುತ್ತಿತ್ತು

ಜೋಡಿಸಿದ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದೆ. ಪೋರ್ಟ್ಸ್ ಗುಂಪಿನಲ್ಲಿ ಹಳದಿ ತ್ರಿಕೋನ. ಎಲ್ಲರೂ ಆ ತ್ರಿಕೋನ ನೋಡಿ ಡ್ರೈವರ್ ಇಲ್ಲ ಅಂದುಕೊಳ್ಳುತ್ತಾರೆ. ತ್ರಿಕೋನ ಹೇಳುವುದು ಏನೋ ಸರಿ ಇಲ್ಲ ಅಂತ ಅಷ್ಟೇ. ಏನು ಸರಿ ಇಲ್ಲ ಅನ್ನುವುದು ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬರುವ ಕೋಡ್‌ನಲ್ಲಿ ಇರುತ್ತದೆ. ಈ ಕೋಡ್‌ಗಳನ್ನು ಕಲಿತರೆ ಅರ್ಧ ಕೆಲಸ ಕಲಿತಂತೆ.

ಕೋಡ್ 28 ಅಂದರೆ ನಿಜವಾಗಿಯೂ ಡ್ರೈವರ್ ಹಾಕಿಲ್ಲ. ಕೋಡ್ 52 ಅಂದರೆ ಡ್ರೈವರ್ ಇದೆ, ಆದರೆ ಅದರ ಡಿಜಿಟಲ್ ಸಹಿ ಪರಿಶೀಲಿಸಲು ಆಗುತ್ತಿಲ್ಲ. ಕೋಡ್ 39 ಅಂದರೆ ಡ್ರೈವರ್ ಫೈಲನ್ನು ಲೋಡ್ ಮಾಡಲು ಆಗಲಿಲ್ಲ. ಫೈಲ್ ಕೆಟ್ಟಿರಬಹುದು, ಕಳೆದಿರಬಹುದು, ಇಲ್ಲವೇ ಮೆಮೊರಿ ಇಂಟೆಗ್ರಿಟಿ ಎಂಬ ಕಾವಲು ಅದನ್ನು ತಡೆದಿರಬಹುದು. ಕೋಡ್ 10 ಇವೆಲ್ಲಕ್ಕಿಂತ ಬೇರೆ. ಡ್ರೈವರ್ ಸಿಕ್ಕಿತು, ಲೋಡೂ ಆಯಿತು, ಸಾಧನವನ್ನು ಶುರು ಮಾಡಲು ಹೋದಾಗ ಮಾತ್ರ ಆಗಲಿಲ್ಲ. ಕೋಡ್ 28ಕ್ಕೆ ಮಾಡುವ ಉಪಾಯವನ್ನು ಕೋಡ್ 10ಕ್ಕೆ ಮಾಡಿದರೆ ಏನೂ ಆಗುವುದಿಲ್ಲ. ಹತ್ತು ಸಲ ಡ್ರೈವರ್ ಹಾಕಿದರೂ ಅಷ್ಟೇ.

ಈಗ ಪರದೆಯಲ್ಲಿ ಇದ್ದದ್ದು ಕೋಡ್ 52. ಇದು ಹುಡುಗ ತಿದ್ದಿದ ಡ್ರೈವರಿನದು. ಮೂಲ ತೊಂದರೆ ಇದರ ಕೆಳಗೆ ಮುಚ್ಚಿಹೋಗಿತ್ತು. ಮೊದಲು ಇದನ್ನು ತೆಗೆಯಬೇಕಿತ್ತು.

ಸಹಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲಿಯೇ ಜಾಸ್ತಿ ಜನ ಎಡವುವುದು. ಒಂದು ಡ್ರೈವರ್ ಪ್ಯಾಕೇಜಿನಲ್ಲಿ ಮುಖ್ಯವಾಗಿ ಮೂರು ಫೈಲ್. ಐಎನ್‌ಎಫ್ ಫೈಲ್ ಯಾವ ಸಾಧನಕ್ಕೆ ಯಾವ ಡ್ರೈವರ್ ಎಂದು ಹೇಳುವ ಬರಹ. ಎಸ್‌ವೈಎಸ್ ಫೈಲ್ ನಿಜವಾದ ಡ್ರೈವರ್. ಸಿಎಟಿ ಫೈಲಿನಲ್ಲಿ ಮೊದಲ ಎರಡರ ಹ್ಯಾಷ್ ಅಂಕಿಗಳು (ಫೈಲಿನ ಬೆರಳಚ್ಚಿನಂಥವು) ಮತ್ತು ಅದಕ್ಕೆ ಹಾಕಿದ ಸಹಿ ಇರುತ್ತದೆ. ಐಎನ್‌ಎಫ್‌ನಲ್ಲಿ ಒಂದು ಅಕ್ಷರ ಬದಲಾದರೂ ಅದರ ಹ್ಯಾಷ್ ಬದಲಾಗುತ್ತದೆ. ಸಿಎಟಿಯಲ್ಲಿ ಬರೆದಿದ್ದಕ್ಕೆ ತಾಳೆ ಆಗುವುದಿಲ್ಲ. ಚೆಕ್‌ಗೆ ಸಹಿ ಹಾಕಿದ ಮೇಲೆ ಮೊತ್ತ ತಿದ್ದಿದರೆ ಬ್ಯಾಂಕ್ ವಾಪಸ್ ಕೊಡುವುದಿಲ್ಲವಾ, ಹಾಗೆ. 64 ಬಿಟ್ ವಿಂಡೋಸ್‌ನಲ್ಲಿ ಈ ಸಹಿ ಕಡ್ಡಾಯವಾದದ್ದು ವಿಸ್ಟಾ ಕಾಲದಿಂದಲೇ. 2016ರಲ್ಲಿ ಬಂದ ವಿಂಡೋಸ್ 10ರ 1607 ಆವೃತ್ತಿಯಿಂದ ನಿಯಮ ಇನ್ನೂ ಬಿಗಿಯಾಯಿತು. ಹೊಸ ಕರ್ನಲ್ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್ ಮೂಲಕ ಬಂದ ಸಹಿಯೇ ಬೇಕಾಯಿತು. ಆದರೆ 2015ರ ಜುಲೈ 29ಕ್ಕಿಂತ ಮುಂಚಿನ ಪ್ರಮಾಣಪತ್ರದಿಂದ ಸಹಿಯಾದ ಹಳೆಯ ಡ್ರೈವರ್‌ಗಳಿಗೆ ವಿನಾಯಿತಿ ಉಳಿಯಿತು. ಹಳೆಯ ಡ್ರೈವರ್ ಆದರೂ ಮೂರೂ ಫೈಲ್ ತಿದ್ದದೆ ಇದ್ದರೆ, ಅನೇಕ ಸಲ ಕಾವಲು ಇಳಿಸದೆಯೇ ಲೋಡ್ ಆಗುತ್ತದೆ. ಇದು ಮುಂದೆ ನಮಗೆ ಉಪಯೋಗಕ್ಕೆ ಬಂತು.

ಕೊಳೆ ತೆಗೆದ ಮೇಲೆ ಕಂಡದ್ದು

ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಎನ್‌ಪಿಯುಟಿಲ್ ಎಂಬ ಆಜ್ಞೆಯಿಂದ ಹೊರಗಿನ ಡ್ರೈವರ್ ಪ್ಯಾಕೇಜುಗಳ ಪಟ್ಟಿ ತೆಗೆದೆ. ಇದು ವಿಂಡೋಸ್ ಜೊತೆಗೇ ಬರುವ ಸಾಧನ, ಬೇರೆ ಏನೂ ಇಳಿಸಬೇಕಿಲ್ಲ. ಹೊರಗಿಂದ ಬಂದ ಪ್ರತಿ ಡ್ರೈವರ್‌ಗೆ ವಿಂಡೋಸ್ ಒಇಎಂ ಎಂದು ಶುರುವಾಗುವ ಒಂದು ಹೆಸರು ಮತ್ತು ನಂಬರ್ ಕೊಟ್ಟಿರುತ್ತದೆ. ಪಟ್ಟಿಯಲ್ಲಿ ಒಂದೇ ಚಿಪ್ಪಿಗೆ ಬೇರೆ ಬೇರೆ ಪ್ಯಾಕೇಜುಗಳು ಸಾಲಾಗಿ ಕುಳಿತಿದ್ದವು. ತಿದ್ದಿದ್ದು ಯಾವುದು ಎಂದು ಹೇಗೆ ಗೊತ್ತಾಯಿತು? ಪಟ್ಟಿಯಲ್ಲಿ ಸಹಿ ಮಾಡಿದವರ ಹೆಸರಿನ ಸಾಲು ಇರುತ್ತದೆ. ತಿದ್ದಿದ ಪ್ಯಾಕೇಜಿಗೆ ಆ ಸಾಲು ಖಾಲಿ. ಅದನ್ನು ಮತ್ತು ಬಿಟ್ಟಿ ಸಾಫ್ಟ್‌ವೇರ್ ತಂದ ಇನ್ನೊಂದನ್ನು ಡಿಲೀಟ್ ಮಾಡಿದೆ. ಆ ಬಿಟ್ಟಿ ಸಾಫ್ಟ್‌ವೇರನ್ನೂ ತೆಗೆದೆ. ಡಿವೈಸ್ ಮ್ಯಾನೇಜರಿನಲ್ಲಿ ಅನ್‌ಇನ್‌ಸ್ಟಾಲ್ ಒತ್ತಿದರೆ ಸಾಲದು. ವಿಂಡೋಸ್ ಡ್ರೈವರ್‌ಗಳನ್ನು ಕೂಡಿಡುವ ಸ್ಟೋರ್‌ನಲ್ಲಿ ಪ್ಯಾಕೇಜ್ ಉಳಿದರೆ ಕೇಬಲ್ ಮತ್ತೆ ಚುಚ್ಚಿದ ಕೂಡಲೇ ಅದು ಎದ್ದು ಬರುತ್ತದೆ.

ಕೇಬಲ್ ತೆಗೆದು, ರೀಸ್ಟಾರ್ಟ್ ಮಾಡಿ, ಮತ್ತೆ ಹಾಕಿದೆ. ಈಗ ನಿಜವಾದ ತೊಂದರೆ ಮುಖ ತೋರಿಸಿತು. ಡಿವೈಸ್ ಮ್ಯಾನೇಜರಿನಲ್ಲಿ ಸಾಧನದ ಹೆಸರು ಬರುವ ಜಾಗದಲ್ಲೇ ಹೀಗೆ ಬರೆದಿತ್ತು: "ಪಿಎಲ್2303ಎಚ್‌ಎಕ್ಸ್‌ಎ ಫೇಸ್ಡ್ ಔಟ್ ಸಿನ್ಸ್ 2012. ಪ್ಲೀಸ್ ಕಾಂಟ್ಯಾಕ್ಟ್ ಯುವರ್ ಸಪ್ಲೈಯರ್." ಒಳಗೆ ಕೋಡ್ 10.

ಡೀಟೇಲ್ಸ್ ಟ್ಯಾಬಿನಲ್ಲಿ ಹಾರ್ಡ್‌ವೇರ್ ಐಡಿ ನೋಡಿದೆ. ವೆಂಡರ್ ಸಂಖ್ಯೆ 067ಬಿ, ಪ್ರಾಡಕ್ಟ್ ಸಂಖ್ಯೆ 2303. ಕೇಬಲ್ ಮೇಲೆ ಯಾವ ಕಂಪನಿಯ ಸ್ಟಿಕ್ಕರ್ ಬೇಕಾದರೂ ಇರಲಿ, ಒಳಗಿನ ಚಿಪ್ ಯಾವುದು ಅಂತ ಈ ಎರಡು ಸಂಖ್ಯೆ ಹೇಳುತ್ತವೆ. 0403 ಮತ್ತು 6001 ಇದ್ದರೆ ಎಫ್‌ಟಿ232ಆರ್ ಚಿಪ್. 1ಎ86 ಮತ್ತು 7523 ಇದ್ದರೆ ಸಿಎಚ್340. ಡ್ರೈವರ್ ಹುಡುಕುವ ಮುಂಚೆ ಈ ಸಂಖ್ಯೆ ನೋಡಬೇಕು. ಕೇಬಲ್ಲಿನ ಡಬ್ಬಿ ಮೇಲೆ ಬರೆದ ಹೆಸರಿನಿಂದ ಡ್ರೈವರ್ ಹುಡುಕಿದರೆ ಬೇರೆ ಎಲ್ಲಿಗೋ ಹೋಗುತ್ತೇವೆ.

ಈಗ ಕಥೆ ಸ್ಪಷ್ಟ. ಕೇಬಲ್ಲಿನಲ್ಲಿ ಇದ್ದದ್ದು ಪಿಎಲ್2303 ಕುಟುಂಬದ ಹಳೆಯ ಮಾದರಿ. ಆ ಮಾದರಿಯ ನಕಲಿ ಚಿಪ್‌ಗಳು ಪೇಟೆಯಲ್ಲಿ ಬಹಳ ಬಂದವು. ಚಿಪ್ ತಯಾರಕರು ಆ ಹಳೆಯ ಮಾದರಿ ನಿಲ್ಲಿಸಿ, ಹೊಸ ಡ್ರೈವರಿನಲ್ಲಿ ಅದಕ್ಕೆ ಬೆಂಬಲ ತೆಗೆದರು. ಹೊಸ ಡ್ರೈವರ್ ಆ ಚಿಪ್ ಕಂಡ ಕೂಡಲೇ ಶುರು ಮಾಡಲು ನಿರಾಕರಿಸಿ ಈ ಸಂದೇಶ ಬರೆಯುತ್ತದೆ. ವಿಂಡೋಸ್ 10 ಇದ್ದಾಗ ಯಾರೋ ಹಳೆಯ ಡ್ರೈವರನ್ನು ಕೈಯಿಂದ ಆರಿಸಿ ಇಟ್ಟಿದ್ದರು. ವರ್ಷಗಟ್ಟಲೆ ನಡೆಯಿತು. ವಿಂಡೋಸ್ 11ಕ್ಕೆ ಹೋಗುವಾಗ ಆ ಕೈ ಆಯ್ಕೆ ಉಳಿಯಲಿಲ್ಲ. ಸಹಿ ಮತ್ತು ಐಡಿ ಹೊಂದಾಣಿಕೆಯಲ್ಲಿ ಎರಡು ಡ್ರೈವರ್ ಸಮ ಆದರೆ ವಿಂಡೋಸ್ ಹೊಸ ತಾರೀಖಿನದನ್ನು ಹಿಡಿಯುತ್ತದೆ. ಅದು ಹಿಡಿದ ಡ್ರೈವರ್ ಈ ಚಿಪ್ಪನ್ನು ಒಪ್ಪದ ಡ್ರೈವರ್.

ಇದನ್ನು ಊಹೆ ಅಂತ ಬಿಡಲು ಮನಸ್ಸಾಗಲಿಲ್ಲ. ವಿಂಡೋಸ್ ಫೋಲ್ಡರಿನ ಐಎನ್‌ಎಫ್ ಫೋಲ್ಡರಿನಲ್ಲಿ ಸೆಟಪ್‌ಎಪಿಐ ಡಾಟ್ ಡೆವ್ ಎಂಬ ಲಾಗ್ ಫೈಲ್ ಇರುತ್ತದೆ. ಸಾಧನ ಹಾಕಿದಾಗೆಲ್ಲ ಯಾವ ಡ್ರೈವರ್‌ಗಳು ಸಿಕ್ಕವು, ಯಾವುದನ್ನು ಆರಿಸಿತು, ಎಲ್ಲಿ ತಪ್ಪಾಯಿತು ಅಂತ ತಾರೀಖು ವೇಳೆ ಸಮೇತ ಅದರಲ್ಲಿ ಬರೆದಿರುತ್ತದೆ. ತಪ್ಪಿನ ಸಾಲಿಗೆ ಮೂರು ಆಶ್ಚರ್ಯಸೂಚಕ ಚಿಹ್ನೆ ಇರುತ್ತದೆ, ಅದನ್ನೇ ಹುಡುಕಿದರೆ ಸಾಕು. ಅಪ್‌ಗ್ರೇಡ್ ಆದ ರಾತ್ರಿಯ ಸಾಲುಗಳಲ್ಲಿ ಎರಡೂ ಡ್ರೈವರ್‌ಗಳ ಹೆಸರಿತ್ತು, ಹೊಸದನ್ನು ಆರಿಸಿದ ಸಾಲೂ ಇತ್ತು. ಹುಡುಗನ ಪ್ರಯತ್ನಗಳೂ ಕ್ರಮವಾಗಿ ಅಲ್ಲೇ ಇದ್ದವು. ಲೋಡ್ ಆಗದ ಡ್ರೈವರ್ ಬಗ್ಗೆ ತಿಳಿಯಲು ಈವೆಂಟ್ ವ್ಯೂವರಿನಲ್ಲಿ ಕೋಡ್ ಇಂಟೆಗ್ರಿಟಿ ಎಂಬ ಇನ್ನೊಂದು ದಾಖಲೆ ಇದೆ. ಸಹಿ ಕಾರಣಕ್ಕೆ ತಡೆದ ಫೈಲಿನ ಹೆಸರು ಅಲ್ಲಿ ಸಿಗುತ್ತದೆ. ತಿದ್ದಿದ ಪ್ಯಾಕೇಜಿನ ಎಸ್‌ವೈಎಸ್ ಫೈಲಿನ ಹೆಸರು ಅಲ್ಲಿತ್ತು.

ಆ ದಿನದ ಮಟ್ಟಿಗೆ

ಹೊರಗೆ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ನಿಂತಿದ್ದವು. ಹೊಸ ಕೇಬಲ್ ತರಿಸುವ ತನಕ ಕಾಯುವ ಹಾಗಿರಲಿಲ್ಲ. ಹಾಗಂತ ಕಾವಲು ತೆಗೆಯುವ ಅಗತ್ಯವೂ ಇರಲಿಲ್ಲ. ಹಿಂದೆ ನಡೆಯುತ್ತಿದ್ದ ಡ್ರೈವರ್, ತಿದ್ದದ ರೂಪದಲ್ಲಿ, ಅಪ್‌ಗ್ರೇಡ್ ಜೊತೆ ಹೊಸ ವಿಂಡೋಸ್‌ನ ಸ್ಟೋರ್‌ಗೂ ಬಂದಿತ್ತು. ಅಪ್‌ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರಿನಲ್ಲಿ ಹುಡುಕು ಅನ್ನುವುದನ್ನು ಆರಿಸಿ, ಅದರ ಕೆಳಗಿನ "ಲೆಟ್ ಮಿ ಪಿಕ್" ಅನ್ನುವ ಸಾಲು ಒತ್ತಿದರೆ ಸ್ಟೋರ್‌ನಲ್ಲಿರುವ ಆವೃತ್ತಿಗಳು ಕಾಣುತ್ತವೆ. ಒಂದೇ ಹೆಸರಿನ ಎರಡು ಸಾಲು ಇದ್ದವು, ತಾರೀಖು ಮಾತ್ರ ಬೇರೆ. ಹಳೆಯದನ್ನು ಆರಿಸಿದೆ. ತ್ರಿಕೋನ ಹೋಯಿತು, ಕಾಮ್ 3 ಬಂತು, ಸಾಫ್ಟ್‌ವೇರಿನಲ್ಲಿ ತೂಕ ಬಂತು. ರೀಸ್ಟಾರ್ಟ್ ಮಾಡಿ ನೋಡಿದೆ, ಉಳಿಯಿತು. ಸಹಿ ಸರಿ ಇದ್ದದ್ದರಿಂದ ಉಳಿಯಿತು.

"ಇಷ್ಟ ಸಾಕಲ್ರೀ, ಹೊಸಾ ಕೇಬಲ್ ಯಾಕ?" ಅಂದರು ಮಾಲೀಕರು. ನ್ಯಾಯವಾದ ಪ್ರಶ್ನೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಇದು ತಯಾರಕರೇ ಕೈಬಿಟ್ಟ ಡ್ರೈವರ್, ಇನ್ನು ಮೇಲೆ ಯಾರೂ ಇದನ್ನು ಸರಿಪಡಿಸುವುದಿಲ್ಲ. ಮುಂದಿನ ದೊಡ್ಡ ಅಪ್‌ಡೇಟ್ ಬಂದಾಗ ವಿಂಡೋಸ್ ಮತ್ತೆ ಹೊಸದನ್ನೇ ಆರಿಸಬಹುದು, ಅದು ನಟ್ಟನಡು ರಾತ್ರಿ ಗಾಡಿ ಸಾಲು ಇದ್ದಾಗಲೂ ಆಗಬಹುದು. ಜೊತೆಗೆ, ಹುಡುಗ ಹಿಂದಿನ ದಿನ ಮೆಮೊರಿ ಇಂಟೆಗ್ರಿಟಿಯನ್ನು ಆಫ್ ಮಾಡಿದ್ದ. ವಿಂಡೋಸ್ ಸೆಕ್ಯೂರಿಟಿಯ ಕೋರ್ ಐಸೊಲೇಷನ್ ಪುಟದಲ್ಲಿ ಇರುವ ಆ ಕಾವಲು, ತನ್ನ ನಿಯಮಕ್ಕೆ ಒಗ್ಗದ ಹಳೆಯ ಡ್ರೈವರ್‌ಗಳನ್ನು ಲೋಡ್ ಆಗಲು ಬಿಡುವುದಿಲ್ಲ. ಅದನ್ನು ನಾನು ಮತ್ತೆ ಆನ್ ಮಾಡಬೇಕಿತ್ತು. ಕೆಲವು ನೂರು ರೂಪಾಯಿಯ ಕೇಬಲ್ಲಿಗಾಗಿ ಲಕ್ಷಾಂತರ ರೂಪಾಯಿ ವ್ಯವಹಾರದ ಯಂತ್ರದ ಬಾಗಿಲು ತೆರೆದಿಡುವುದು ನನಗೆ ಒಪ್ಪುವುದಿಲ್ಲ. ಇದನ್ನೇ ಅವರಿಗೆ ಹೇಳಿದೆ. ಒಪ್ಪಿದರು.

ವಿಂಡೋಸ್ 10ಕ್ಕೇ ವಾಪಸ್ ಹೋಗೋಣವಾ ಅಂತಲೂ ಕೇಳಿದರು. ಅಪ್‌ಗ್ರೇಡ್ ಆದ 10 ದಿನದೊಳಗೆ ವಾಪಸ್ ಹೋಗುವ ಅವಕಾಶ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಹೋಗಿದ್ದರೂ ತಾತ್ಕಾಲಿಕವೇ. ಮನೆ ಬಳಕೆದಾರರಿಗೆ ಕೊಟ್ಟ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೂಡ 2026ರ ಅಕ್ಟೋಬರ್ 13ರ ತನಕ ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಇವತ್ತಿನ ತೊಂದರೆಯನ್ನು ಮುಂದಿನ ಸೀಸನ್ನಿಗೆ ತಳ್ಳಿದಂತೆ ಆಗುತ್ತಿತ್ತು, ಅಷ್ಟೇ ಅಲ್ವಾ?

ಹೊಸ ಕೇಬಲ್, ಹಳೆಯ ನಂಬರ್

ಬಾಗಲಕೋಟೆಯಿಂದ ಎಫ್‌ಟಿ232ಆರ್ ಚಿಪ್ಪಿನ ಕೇಬಲ್ ತರಿಸಿದೆವು. ಚುಚ್ಚಿದ ಕೂಡಲೇ ವಿಂಡೋಸ್ ತಾನೇ ಡ್ರೈವರ್ ತಂದಿತು. ತ್ರಿಕೋನ ಇಲ್ಲ. ಆದರೆ ತೂಕ ಬರಲಿಲ್ಲ. ಮಾಲೀಕರ ಮುಖ ಮತ್ತೆ ಬಾಡಿತು.

ಕಾರಣ ಸಣ್ಣದು. ಹೊಸ ಕೇಬಲ್ಲಿಗೆ ವಿಂಡೋಸ್ ಕಾಮ್ 5 ಎಂದು ನಂಬರ್ ಕೊಟ್ಟಿತ್ತು. ತೂಕದ ಸಾಫ್ಟ್‌ವೇರ್ ಕಾಮ್ 3 ಬಿಟ್ಟು ಬೇರೆ ಕಡೆ ನೋಡುವುದಿಲ್ಲ, ಅದರ ಸೆಟ್ಟಿಂಗಿಗೆ ಹಾಕಿದ ಪಾಸ್‌ವರ್ಡ್ ಯಾರ ಬಳಿಯೂ ಇರಲಿಲ್ಲ. ಸಾಫ್ಟ್‌ವೇರನ್ನು ಬದಲಿಸಲು ಆಗದಿದ್ದರೆ ಪೋರ್ಟಿನ ನಂಬರನ್ನು ಬದಲಿಸಬಹುದು. ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್, ಕಾಮ್ ಪೋರ್ಟ್ ನಂಬರ್. ಅಲ್ಲಿ ನೋಡಿದರೆ 3ರ ಮುಂದೆ ಬಳಕೆಯಲ್ಲಿದೆ ಎಂದು ಬರೆದಿತ್ತು. ಹಳೆಯ ಕೇಬಲ್ ಮೇಜಿನ ಮೇಲೆ ಬಿದ್ದಿದ್ದರೂ ವಿಂಡೋಸ್ ಆ ನಂಬರನ್ನು ಅದಕ್ಕೇ ಕಾಯ್ದಿಟ್ಟಿತ್ತು. ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿದರೆ ಈಗ ಜೋಡಿಸಿಲ್ಲದ ಸಾಧನಗಳು ಮಸುಕಾಗಿ ಕಾಣುತ್ತವೆ. ಹಳೆಯ ಕೇಬಲ್ಲಿನ ಸಾಲನ್ನು ಅಲ್ಲಿಂದ ತೆಗೆದು, ಹೊಸದಕ್ಕೆ 3 ಕೊಟ್ಟೆ. ತೂಕ ಬಂತು. ಕೇಬಲನ್ನು ಯಾವ ಯುಎಸ್‌ಬಿ ಕಿಂಡಿಗೆ ಹಾಕಿದ್ದೇವೋ ಅಲ್ಲಿಗೆ ಒಂದು ಪಟ್ಟಿ ಅಂಟಿಸಿದೆ. ಕೆಲವು ಕೇಬಲ್ಲುಗಳಿಗೆ ಕಿಂಡಿ ಬದಲಾದರೆ ನಂಬರೂ ಬದಲಾಗುತ್ತದೆ.

ಇಂಥ ಕಡೆ ಇನ್ನೊಂದು ತೊಂದರೆಯೂ ಬರುತ್ತದೆ, ಇಲ್ಲಿ ಬರಲಿಲ್ಲ. ಪೋರ್ಟ್ ತೆರೆಯುತ್ತದೆ, ಆದರೆ ತೂಕದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಅದು ಡ್ರೈವರ್ ತೊಂದರೆ ಅಲ್ಲ. ಇಂಡಿಕೇಟರ್ 2400 ವೇಗದಲ್ಲಿ ಕಳಿಸುತ್ತಿದ್ದು, ಕಂಪ್ಯೂಟರ್ 9600ರಲ್ಲಿ ಕೇಳುತ್ತಿದ್ದರೆ ಹಾಗಾಗುತ್ತದೆ. ಪುಟ್ಟಿಯಂಥ ಟರ್ಮಿನಲ್ ಪ್ರೋಗ್ರಾಂನಲ್ಲಿ ಪೋರ್ಟ್ ತೆರೆದು, ಬರುವ ಅಕ್ಷರಗಳನ್ನು ಕಣ್ಣಿಂದ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ನಾನು ಇಲ್ಲೂ ಹಾಗೆ ನೋಡಿದೆ. ಕಾಟಾದ ಹಾಸು ಖಾಲಿ ಇದ್ದಾಗ ಸೊನ್ನೆಗಳ ಸಾಲು, ಒಬ್ಬ ಮನುಷ್ಯ ಹತ್ತಿ ನಿಂತರೆ ಅಂಕಿ ಬದಲಾಗುವುದು ಕಂಡಿತು.

ಆಮೇಲೆ ಕಬ್ಬು ತುಂಬಿದ ಒಂದು ಗಾಡಿ ಹತ್ತಿಸಿ, ಇಂಡಿಕೇಟರಿನ ಅಂಕಿ, ಪರದೆಯ ಅಂಕಿ, ಚೀಟಿಯ ಅಂಕಿ ಮೂರನ್ನೂ ಗಾಡಿಯ ಮಾಲೀಕನ ಎದುರಲ್ಲೇ ತಾಳೆ ನೋಡಿದೆವು. ಗಾಡಿ ಇಳಿಸಿ ಮತ್ತೆ ಹತ್ತಿಸಿದೆವು. ಕೇಬಲ್ ಬದಲಾದರೆ ತೂಕ ಬದಲಾಗುವುದಿಲ್ಲ ಅಂತ ನಮಗೆ ಗೊತ್ತು. ಆದರೆ ಹೊರಗೆ ನಿಂತವರಿಗೆ ಕಂಡದ್ದು, ಕಾಟಾದಲ್ಲಿ ಯಾರೋ ಎರಡು ದಿನ ಏನೇನೋ ಮಾಡುತ್ತಿದ್ದರು ಎಂಬುದು. ಅವರಿಗೆ ತೋರಿಸುವುದೂ ಈ ಕೆಲಸದ ಭಾಗ ಎಂದೇ ನಾನು ಗಟ್ಟಿಯಾಗಿ ನಂಬುತ್ತೇನೆ.

ಮತ್ತೆ ಹೀಗಾಗದಿರಲು ಮಾಡಿದ್ದು

ಮೆಮೊರಿ ಇಂಟೆಗ್ರಿಟಿ ಆನ್ ಮಾಡಲು ಹೋದರೆ ಮೊದಲು ಹೊಂದದ ಡ್ರೈವರ್ ಇದೆ ಎಂದು ಹಳೆಯ ಚಿಪ್ಪಿನ ಪ್ಯಾಕೇಜನ್ನು ತೋರಿಸಿತು. ಅದನ್ನೂ ಪಿಎನ್‌ಪಿಯುಟಿಲ್‌ನಿಂದ ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ ಆನ್ ಆಯಿತು. ಹೊಸ ಕೇಬಲ್ ಅದರ ಜೊತೆಗೂ ಸರಿಯಾಗಿ ನಡೆಯಿತು. ಸೆಕ್ಯೂರ್ ಬೂಟ್ ಆನ್ ಇರುವುದನ್ನು ಖಚಿತ ಮಾಡಿಕೊಂಡೆ.

ಅಪ್‌ಡೇಟ್ ಪೂರ್ತಿ ನಿಲ್ಲಿಸಿಬಿಡಿ ಅಂತ ಮಾಲೀಕರ ಮಗ ಹಟ ಹಿಡಿದ. ನಾನು ಒಪ್ಪಲಿಲ್ಲ. ಭದ್ರತಾ ಅಪ್‌ಡೇಟ್ ಬೇಕು. ಬೇಡದ್ದು, ಕೇಳದೆ ಬರುವ ಡ್ರೈವರ್ ಮತ್ತು ಕೇಳದೆ ಆಗುವ ರೀಸ್ಟಾರ್ಟ್. ಅಲ್ಲಿ ವಿಂಡೋಸ್‌ನ ಪ್ರೊ ಆವೃತ್ತಿ ಇತ್ತು. ಗ್ರೂಪ್ ಪಾಲಿಸಿಯಲ್ಲಿ, ಅಪ್‌ಡೇಟ್ ಜೊತೆ ಡ್ರೈವರ್ ಸೇರಿಸಬೇಡ ಅನ್ನುವ ಆಯ್ಕೆಯನ್ನು ಆನ್ ಮಾಡಿದೆ. ತಾನಾಗಿ ರೀಸ್ಟಾರ್ಟ್ ಆಗಬಾರದ ಹೊತ್ತು, ಅಂದರೆ ಆಕ್ಟಿವ್ ಅವರ್ಸ್, ಗರಿಷ್ಠ 18 ಗಂಟೆ ಮಾತ್ರ ಇಡಬಹುದು. ಸೀಸನ್ನಿನಲ್ಲಿ ಕಾಟಾ ಹಗಲು ರಾತ್ರಿ ನಡೆಯುತ್ತದೆ, ಆ 18 ಗಂಟೆ ಸಾಲದು. ಅದಕ್ಕೆ ಅಪ್‌ಡೇಟನ್ನು ಸ್ವಲ್ಪ ದಿನ ತಡೆದಿಡುವ (ಪಾಝ್) ಆಯ್ಕೆ ಬಳಸಲು ಗುಮಾಸ್ತನಿಗೆ ಕಲಿಸಿದೆ. ಒಮ್ಮೆಗೆ ಐದು ವಾರದ ತನಕ ಮುಂದೂಡಬಹುದು. ಅದು ಮುಗಿಯುವ ಮುಂಚೆ ಗಾಡಿ ಕಡಿಮೆ ಇರುವ ಒಂದು ಹೊತ್ತು ನೋಡಿ, ಯಾರಾದರೂ ಪಕ್ಕದಲ್ಲಿ ಎಚ್ಚರ ಇದ್ದಾಗ ಅಪ್‌ಡೇಟ್ ಮಾಡಿಸಬೇಕು. ಮಲಗುವ ಮುಂಚೆ ಒತ್ತಿ ಹೋಗುವ ಕೆಲಸ ಅಲ್ಲ ಅದು.

ಕೊನೆಗೆ ಈಗ ನಡೆಯುತ್ತಿರುವ ಎಲ್ಲ ಹೊರಗಿನ ಡ್ರೈವರ್‌ಗಳನ್ನು ಪಿಎನ್‌ಪಿಯುಟಿಲ್‌ನ ಎಕ್ಸ್‌ಪೋರ್ಟ್ ಆಜ್ಞೆಯಿಂದ ಒಂದು ಪೆನ್‌ಡ್ರೈವಿಗೆ ತೆಗೆದಿಟ್ಟೆ. ಜೊತೆಗೆ ಒಂದು ಹಾಳೆಯಲ್ಲಿ ಚಿಪ್ಪಿನ ಎರಡು ಸಂಖ್ಯೆ, ಕಾಮ್ 3, ಇಂಡಿಕೇಟರಿನ ವೇಗ, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1 ಎಂದು ಬರೆದು ಇಂಡಿಕೇಟರ್ ಪಕ್ಕದ ಗೋಡೆಗೆ ಅಂಟಿಸಿದೆ. ಮೊದಲು ಬಂದಿದ್ದ ಹುಡುಗನನ್ನೂ ಕರೆಸಿ ಲಾಗ್ ಫೈಲ್ ಎಲ್ಲಿರುತ್ತದೆ, ಕೋಡ್ 10 ಮತ್ತು ಕೋಡ್ 52ರ ನಡುವೆ ವ್ಯತ್ಯಾಸ ಏನು ಅಂತ ತೋರಿಸಿದೆ. ಅವನು ಆ ಹಾಳೆಯ ಫೋಟೋ ತಗೊಂಡ. ತಾನು ನೋಡಿಕೊಳ್ಳುವ ಉಳಿದ ಕಾಟಾಗಳಲ್ಲಿ ಯಾವ ಚಿಪ್ಪಿನ ಕೇಬಲ್ ಇದೆ ಅಂತ, ಅಪ್‌ಗ್ರೇಡ್ ಆಗುವ ಮುಂಚೆಯೇ ನೋಡಿ ಬರುತ್ತೇನೆ ಅಂತ ಹೊರಟ.